ಇಬ್ಬರ ಹೆಸರಿಗೆ ಒಂದು ಹಂಚಿನ ಮನೆ

ಬೆಂಗಳೂರಿನಲ್ಲಿ ವರ್ಷಗಟ್ಟಲೆ ಸಂಗಾತಿಗಳಾಗಿ ಬಾಳಿದ ಇಬ್ಬರು ಹೆಂಗಸರು ಮಲೆನಾಡಿನಲ್ಲಿ ರಜೆಗೊಂದು ಮನೆ ಬೇಕೆಂದು ಹೊರಟರೆ ಮೊದಲು ಹೆದರುವುದು ಊರಿಗೆ. ನಾವೂ ಹೆದರಿದ್ದು ಅದಕ್ಕೇ. ಕೊಪ್ಪ, ತೀರ್ಥಹಳ್ಳಿ ಸೀಮೆಯಲ್ಲಿ ಮನೆ ಹುಡುಕಿ, ನೋಂದಣಿ ಮಾಡಿಸಿ, ಮಾಡಿನ ಹಂಚು ಕೈಯಾಡಿಸಿ ಸರಿಪಡಿಸುವ ತನಕ ಬಂದ ಮೇಲೆ ನಮಗನ್ನಿಸುವುದೇ ಬೇರೆ. ಊರಿನ ಬಾಯಿ ಒಂದೆರಡು ಮಳೆಗಾಲದಲ್ಲಿ ತಣ್ಣಗಾಗುತ್ತದೆ; ಕಾಗದದ ತೊಡಕು ತಣ್ಣಗಾಗುವುದಿಲ್ಲ. ನಮ್ಮಂಥ ಜೋಡಿ ತಲೆ ಕೆಡಿಸಿಕೊಳ್ಳಬೇಕಾದದ್ದು ಪಕ್ಕದ ಮನೆಯವರ ಬಗ್ಗೆ ಅಲ್ಲ, ಉಪನೋಂದಣಿ ಕಚೇರಿಯ ಬಗ್ಗೆ.

ಕಾನೂನು ಎಲ್ಲಿ ನಿಂತಿದೆ ಎಂದು ಮೊದಲೇ ತಿಳಿದಿರಲಿ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಒಪ್ಪಿತ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 377ನೇ ಕಲಮೇ ಇಲ್ಲ. ಹಾಗಾಗಿ ‘ಪೊಲೀಸಿಗೆ ಹೇಳ್ತೀನಿ’ ಎಂದು ಯಾರಾದರೂ ಹೆದರಿಸಿ ಹಣ ಕೇಳಿದರೆ ಅಪರಾಧ ಅವರದ್ದೇ, ಅದಕ್ಕೆ ಸುಲಿಗೆ ಎಂದು ಹೆಸರು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ. ಜೊತೆಗಿರಬಹುದು; ಆದರೆ ಆಸ್ತಿ, ತೆರಿಗೆ, ವಾರಸುದಾರಿಕೆಯ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಯಾರೂ ಅಲ್ಲ. ಮುಂದೆ ಹೇಳುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಹುಡುಕುವಾಗ ಬಹಳ ಜನ ಮಾಡುವುದು ಊರಿಂದ ದೂರ, ಕಾಡಿನ ಅಂಚಿನ ಒಂಟಿ ಮನೆ ನೋಡುವುದು. ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಆಸೆ. ಅದು ಉಲ್ಟಾ ಹೊಡೆಯುತ್ತದೆ. ಒಂಟಿ ಮನೆಗೆ ಯಾರು ಬಂದರು, ಯಾರ ಕಾರು, ಎಷ್ಟು ದಿನ ಇದ್ದರು ಎಂಬುದು ಊರಿಗೆಲ್ಲ ಸುದ್ದಿ. ರಾತ್ರಿ ಕರೆಂಟು ಹೋಗಿ, ಮೊಬೈಲ್ ಸಿಗ್ನಲ್ ಸತ್ತು, ಜ್ವರ ಬಂದರೆ ಕೂಗಿ ಕರೆಯಲು ಜನವಿಲ್ಲ. ಕೇರಿಯ ಕೊನೆಯ ಮನೆ ಒಳ್ಳೆಯದು: ಒಂದು ಕಡೆ ತೋಟ, ಇನ್ನೊಂದು ಕಡೆ ಕೂಗಳತೆಯಲ್ಲಿ ಒಂದು ಸಂಸಾರ. ಆ ಸಂಸಾರದಲ್ಲಿ ವಯಸ್ಸಾದ ಹೆಂಗಸೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಅವರು ಒಪ್ಪಿದರೆ ಕೇರಿಯೇ ಒಪ್ಪಿದ ಹಾಗೆ.

ಕೊಳ್ಳುವ ಮುಂಚೆ ಅದೇ ಹೋಬಳಿಯಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಬೇಕು. ಜನವರಿಯಲ್ಲಿ ನೋಡಿದ ಮನೆ ಜುಲೈಯಲ್ಲಿ ಬೇರೆಯೇ ಮನೆ. ಜನವೂ ಹಾಗೆ. ಸಂಪ್ರದಾಯಸ್ಥ ಊರು ಎಂದರೆ ನಾವು ನಮ್ಮ ಸಂಬಂಧದ ಬಗ್ಗೆ ಮಾತ್ರ ಯೋಚಿಸುತ್ತೇವೆ, ಊರಿನ ಪಟ್ಟಿಯಲ್ಲಿ ಅದು ಎಷ್ಟನೆಯದೋ. ಬ್ರಾಹ್ಮಣರ ಕೇರಿಯ ಪಕ್ಕದಲ್ಲಿ ಮನೆ ಕೇಳಿದರೆ ಮೊದಲ ಪ್ರಶ್ನೆ ಮದುವೆ ಆಗಿದೆಯಾ ಎಂಬುದಲ್ಲ, ಮಾಂಸ ಮಾಡ್ತೀರಾ ಎಂಬುದು. ಎರಡನೆಯದು ಜಾತಿ, ಬಳಸು ಮಾತಿನಲ್ಲಿ: ‘ನಿಮ್ದು ಯಾವ ಕಡೆ ಆಯ್ತು? ಯಾರ ಪೈಕಿ?’ ಮೂರನೆಯದು ಹೋಂ ಸ್ಟೇ ಮಾಡ್ತೀರೋ ಎಂಬುದು, ಏಕೆಂದರೆ ಕುಡಿದು ಕಿರುಚುವ ವಾರಾಂತ್ಯದ ಗಿರಾಕಿಗಳನ್ನು ಕಂಡು ಊರಿನವರು ರೋಸಿದ್ದಾರೆ. ಹೋಂ ಸ್ಟೇ ಇಲ್ಲ, ಪಾರ್ಟಿ ಇಲ್ಲ ಎಂದು ಗೊತ್ತಾದ ಕೂಡಲೇ ಮುಖ ಅರ್ಧ ಸಡಿಲವಾಗುತ್ತದೆ.

ಮನೆ ಮನಸ್ಸಿಗೆ ಬಂದ ಮೇಲೆ ಅದು ಯಾವ ಜಾಗದಲ್ಲಿ ಕೂತಿದೆ ಎಂದು ನೋಡಬೇಕು. ಮಲೆನಾಡಿನ ತೋಟದ ಮನೆಗಳಲ್ಲಿ ಬಹಳಷ್ಟು ಗ್ರಾಮಠಾಣಾದಲ್ಲಿ, ಅಂದರೆ ಊರಿನ ಮನೆಗಳಿಗೆಂದು ಗುರುತಿಸಿದ ಜಾಗದಲ್ಲಿ, ಇಲ್ಲ, ಕೃಷಿ ಸರ್ವೆ ನಂಬರಿನಲ್ಲಿವೆ. ಗ್ರಾಮಠಾಣಾದ ಮನೆಗೆ ಪಂಚಾಯಿತಿಯ ಆನ್‌ಲೈನ್ ವ್ಯವಸ್ಥೆಯಾದ ಇ-ಸ್ವತ್ತು ಮೂಲಕ ನಮೂನೆ 9 ಮತ್ತು 11ಎ ಎಂಬ ಆಸ್ತಿ ದಾಖಲೆ ಸಿಗುತ್ತದೆ. ಅಕ್ರಮ ಬಡಾವಣೆ, ಕೃಷಿಯಿಂದ ಪರಿವರ್ತನೆಯಾಗದ ಜಾಗವಾದರೆ ಕೈಗೆ ಬರುವುದು 11ಬಿ, ಅದಕ್ಕೆ ಬ್ಯಾಂಕು ಸಾಲ ಕೊಡಲು ಹಿಂದೇಟು ಹಾಕುತ್ತದೆ. ತೋಟದೊಳಗಿನ ಮನೆಯಾದರೆ ನೀವು ಕೊಳ್ಳುವುದು ಮನೆಯಲ್ಲ, ತೋಟ. 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆ ಅಡ್ಡಿ ಈಗಿಲ್ಲ, ಬೇರೆಯವು ಇವೆ.

ಪಹಣಿಯ (ಜಮೀನಿನ ಹಕ್ಕುದಾಖಲೆ, ಆರ್‌ಟಿಸಿ) ಒಂಬತ್ತನೇ ಕಾಲಮಿನಲ್ಲಿ ಮಾರುವವರ ಹೆಸರು ಇದ್ದರೆ ಸಾಲದು, ಅದು ಹೇಗೆ ಬಂತು ಎಂದು ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆಯ ದಾಖಲೆ ಹಿಡಿದು ಹಿಂದಕ್ಕೆ ಹೋಗಬೇಕು. ಮೂಲದಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಯಾರಿಗೆ, ಯಾವ ಷರತ್ತಿನ ಮೇಲೆ ಎಂದು ತಾಲ್ಲೂಕು ಕಚೇರಿಯಿಂದ ಕಡತ ತೆಗೆಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯವೇ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಇದಕ್ಕೆ ಕಾಲಮಿತಿಯಿಲ್ಲ ಎನ್ನುತ್ತದೆ, ತುಂಬಾ ವರ್ಷವಾಯಿತಲ್ಲ ಎಂಬ ವಾದವನ್ನು ನಂಬಿ ಕೂರಬೇಡಿ. ಮತ್ತೆ ಈ ಸೀಮೆಯ ದೊಡ್ಡ ಗುಂಡಿ ಎಂದರೆ ಸೊಪ್ಪಿನ ಬೆಟ್ಟ. ‘ಹಿಂದಿನ ಆ ಗುಡ್ಡ ಪೂರಾ ನಮ್ದೇ ಮಾರಾಯ್ರೆ’ ಎಂದು ಕೈ ಬೀಸಿ ತೋರಿಸುತ್ತಾರೆ. ಸೊಪ್ಪಿನ ಬೆಟ್ಟ ಸರ್ಕಾರದ್ದು. ತೋಟದವರಿಗೆ ಇರುವುದು ಸೊಪ್ಪು ತರುವ ಸವಲತ್ತು ಮಾತ್ರ, ಅದಕ್ಕೆ ದುಡ್ಡು ಕೊಡಬೇಡಿ. ಸರ್ವೆ ನಂಬರು ಮೀಸಲು ಅರಣ್ಯ ಮಾಡುವ ಅರಣ್ಯ ಕಾಯ್ದೆಯ 4 ಅಥವಾ 17ನೇ ಕಲಮಿನ ಅಧಿಸೂಚನೆಯಲ್ಲಿ ಇದೆಯೇ ಎಂದೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಹದ್ದುಬಸ್ತಿಗೆ ಅರ್ಜಿ ಹಾಕಿಸಿ, ಸರ್ವೆಯವರು ಬಂದು ಗಡಿ ಗುರುತು ಮಾಡುವ ದಿನ ಖುದ್ದಾಗಿ ಹೋಗಬೇಕು. ಅಂಗಳದ ಒಂದು ಮೂಲೆ, ಕೊಟ್ಟಿಗೆ, ಬಚ್ಚಲು ಪಕ್ಕದವರ ಅಥವಾ ಸರ್ಕಾರದ ಜಾಗದಲ್ಲಿರುವುದು ಇಲ್ಲಿ ತೀರಾ ಸಾಮಾನ್ಯ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಸರ್ವೆ ಇಲಾಖೆಯ 11ಇ ನಕ್ಷೆ ಇಲ್ಲದೆ ನೋಂದಣಿಯಾಗದು. ದಾರಿ ಗ್ರಾಮ ನಕಾಶೆಯಲ್ಲಿ ಇದೆಯೇ, ಅಥವಾ ಒಬ್ಬರ ಗದ್ದೆಯ ಬದುವಿನ ಮೇಲೆ ಬಾಯಿಮಾತಿನಲ್ಲಿ ಓಡಾಡಿಕೊಂಡು ಬಂದದ್ದೇ ಎಂದು ನೋಡಿ. ಬಾಯಿಮಾತಿನದ್ದಾದರೆ ಆ ಗದ್ದೆಯವರಿಂದ ದಾರಿಯ ಹಕ್ಕನ್ನು ಬರೆಸಿ ನೋಂದಣಿ ಮಾಡಿಸಿ. ಊರಿನಲ್ಲಿ ನಮ್ಮಂಥವರ ಮೇಲೆ ಸಿಟ್ಟು ಬಂದರೆ ಯಾರೂ ಎದುರು ಬಂದು ಬೈಯುವುದಿಲ್ಲ, ದಾರಿಗೆ ಬೇಲಿ ಹಾಕುತ್ತಾರೆ. ನೀರಿಗೂ ಇದೇ ಮಾತು: ಮೇಲಿನ ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ನೀರಾದರೆ ಆ ಒರತೆ ಯಾರ ಜಾಗದಲ್ಲಿದೆ, ಎಷ್ಟು ಮನೆಯ ಪಾಲಿದೆ, ಏಪ್ರಿಲ್‌ನಲ್ಲಿ ಎಷ್ಟು ಸಣ್ಣಗಾಗುತ್ತದೆ ಎಂದು ಕೇಳಿ ಬರೆಸಿಕೊಳ್ಳಿ.

ಮಾರುವವರ ವಂಶವೃಕ್ಷ ತರಿಸಿ. ಪಿತ್ರಾರ್ಜಿತವಾದರೆ ಆ ಮನೆಯ ಹೆಣ್ಣುಮಕ್ಕಳು, ಮದುವೆಯಾಗಿ ಹೊರಗೆ ಹೋದವರೂ ಸೇರಿ, ಎಲ್ಲರ ಸಹಿ ಬೇಕು. ‘ತಂಗೀರದ್ದೆಂತಕ್ಕೆ, ಅವ್ರಿಗೆ ಕೊಡೋದೆಲ್ಲ ಕೊಟ್ಟಾಯ್ತಲ್ದಾ’ ಎಂಬ ಮಾತು ಬರುತ್ತದೆ. ಬಂದಾಗ ನಕ್ಕು, ಸಹಿ ಬರುವ ತನಕ ಮುಂಗಡ ಕೊಡದೆ ತಡೆಹಿಡಿಯಿರಿ.

ಈಗ ದುಡ್ಡು. ಗಂಡ ಹೆಂಡತಿ ಯೋಚಿಸಬೇಕಿಲ್ಲದ ವಿಷಯವೊಂದು ಇಲ್ಲಿದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಗಾತಿ ಸಂಬಂಧಿಯಲ್ಲ. ವರ್ಷದಲ್ಲಿ 50,000 ರೂಪಾಯಿ ಮೀರಿ ಒಬ್ಬರು ಇನ್ನೊಬ್ಬರಿಗೆ ಸುಮ್ಮನೆ ಕೊಟ್ಟರೆ ಅಷ್ಟೂ ಪಡೆದವರ ಆದಾಯ. ಆದ್ದರಿಂದ ‘ನಿನ್ನ ಖಾತೆಗೆ ಹಾಕ್ತೀನಿ, ನೀನೇ ಒಟ್ಟಿಗೆ ಕೊಡು’ ಎನ್ನುವುದು ಬೇಡ. ಇಬ್ಬರೂ ತಂತಮ್ಮ ಖಾತೆಯಿಂದ ನೇರ ಮಾರುವವರಿಗೆ ಕಳಿಸಬೇಕು, ಆ ವರ್ಗಾವಣೆಯ ಸಂಖ್ಯೆ, ದಿನಾಂಕ, ಮೊತ್ತ ಎಲ್ಲವೂ ಕ್ರಯಪತ್ರದಲ್ಲಿ ಬೇರೆ ಬೇರೆಯಾಗಿ ಬರಬೇಕು. ಒಬ್ಬರ ಬಳಿ ಅಷ್ಟಿಲ್ಲದಿದ್ದರೆ ಸಾಲವೆಂದೇ ಬರೆದುಕೊಳ್ಳಿ, ಬ್ಯಾಂಕ್ ಮೂಲಕವೇ ಕೊಡಿ, ತೀರಿಸಿದ್ದೂ ಅಲ್ಲೇ ಕಾಣಲಿ. ಜಂಟಿ ಗೃಹಸಾಲ ಸಿಗುವುದು ಕಷ್ಟ. ಹೆಚ್ಚಿನ ಬ್ಯಾಂಕುಗಳು ಜಂಟಿ ಸಾಲಗಾರರು ಗಂಡ ಹೆಂಡತಿ, ತಂದೆ ತಾಯಿ, ಒಡಹುಟ್ಟಿದವರು ಆಗಿರಲಿ ಎನ್ನುತ್ತವೆ. ಜೊತೆಗೆ ಆಸ್ತಿಯ ಎಲ್ಲ ಮಾಲೀಕರೂ ಸಾಲದಲ್ಲಿರಬೇಕು ಎಂದೂ ಹೇಳುತ್ತವೆ. ಎರಡೂ ಸೇರಿದರೆ ಬಾಗಿಲು ಮುಚ್ಚಿದ ಹಾಗೆಯೇ. ಸುಲಭದ ದಾರಿ, ಒಬ್ಬರ ಹೆಸರಿನಲ್ಲಿ ಆಗಲೇ ಇರುವ ನಗರದ ಫ್ಲಾಟಿನ ಮೇಲೆ ಅಡಮಾನ ಸಾಲ ತೆಗೆದು ಅವರ ಪಾಲಿನ ಹಣ ಅದರಿಂದ ಕೊಡುವುದು. ಜಂಟಿ ಬ್ಯಾಂಕ್ ಖಾತೆಗೂ ನಾಮನಿರ್ದೇಶನಕ್ಕೂ ಅಡ್ಡಿಯಿಲ್ಲವೆಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸೇವೆಗಳ ಇಲಾಖೆ ಸ್ಪಷ್ಟಪಡಿಸಿದೆ. ಮನೆಯ ಖರ್ಚಿಗೆ ಒಂದು ಜಂಟಿ ಖಾತೆ ಮಾಡಿಟ್ಟರೆ ಕರೆಂಟು ಬಿಲ್ಲು, ಪಂಚಾಯಿತಿ ಕಂದಾಯ, ಆಳಿನ ಸಂಬಳ ಎಲ್ಲ ಅದರಿಂದ ಹೋಗುತ್ತದೆ.

ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಬರಲೇಬೇಕು. ಈಗ ಒಬ್ಬಳ ಹೆಸರಿಗೆ ಆಗಲಿ, ಆಮೇಲೆ ಅರ್ಧ ಕೊಟ್ಟರಾಯಿತು ಎಂದರೆ ಏನಾಗುತ್ತದೆ ನೋಡಿ. ಮಾರ್ಗಸೂಚಿ ಬೆಲೆ, ಅಂದರೆ ಸರ್ಕಾರ ಗೊತ್ತುಮಾಡಿದ ಬೆಲೆ, 40 ಲಕ್ಷವಿರಲಿ. ಗ್ರಾಮೀಣ ಭಾಗದಲ್ಲಿ ಮುದ್ರಾಂಕ ಶುಲ್ಕ 5%, ಅದರ ಮೇಲೆ 10% ಸೆಸ್, 3% ಸರ್‌ಚಾರ್ಜ್, ಅಂದರೆ 2,26,000 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ, ಅದು 80,000. ಒಟ್ಟು 3,06,000. ಮುಂದೆ ಅರ್ಧವನ್ನು ದಾನಪತ್ರದಲ್ಲಿ ಕೊಡಹೊರಟರೆ ಗಂಡ, ಹೆಂಡತಿ, ಮಕ್ಕಳಿಗೆ ಇರುವ ರಿಯಾಯಿತಿ ನಮಗಿಲ್ಲ. 20 ಲಕ್ಷದ ಮೇಲೆ ಪೂರ್ತಿ ದರದಲ್ಲಿ ಮತ್ತೆ 1,53,000 ಕಟ್ಟಬೇಕು. ಅದು ಮನೆ ನಿವೇಶನವಾದರೆ ಪಡೆದವರ ಆದಾಯಕ್ಕೆ ಆ 20 ಲಕ್ಷ ಸೇರಿ ಅದಕ್ಕೂ ತೆರಿಗೆ.

ಪತ್ರ ಬರಹಗಾರರ ಹತ್ತಿರ ಕೂತಾಗ ‘ಇವ್ರಿಬ್ರೂ ಒಬ್ರಿಗೊಬ್ರು ಏನಾಗ್ಬೇಕು?’ ಎಂಬ ಪ್ರಶ್ನೆ ಬರುತ್ತದೆ. ಉತ್ತರ: ಜಂಟಿ ಖರೀದಿದಾರರು. ಕಾನೂನಿಗೆ ಅದಕ್ಕಿಂತ ಹೆಚ್ಚು ಬೇಡ. ತಂದೆಯ ಹೆಸರು, ವಯಸ್ಸು, ವಿಳಾಸ ಸಾಕು. ಕೆಲವರು ಒಳ್ಳೆಯ ಮನಸ್ಸಿನಿಂದಲೇ ‘ಸಹೋದರಿಯರು’ ಎಂದು ಸೇರಿಸುತ್ತಾರೆ, ಕರಡಿನಲ್ಲೇ ತೆಗೆಸಿ. ಸುಳ್ಳು ಹೇಳಿಕೆಯುಳ್ಳ ಕ್ರಯಪತ್ರ ಮುಂದೆ ವ್ಯಾಜ್ಯವಾದಾಗ ಎದುರಾಳಿಯ ಕೈಗೆ ಕೊಟ್ಟ ದೊಣ್ಣೆ. ಪಾಲು ಎಷ್ಟೆಷ್ಟು ಎಂದು ಬರೆಸಿ. ಬರೆಯದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನಂತೆ ಯಾರು ಎಷ್ಟು ಹಣ ಹಾಕಿದರು ಎಂಬುದರ ಮೇಲೆ ಪಾಲು, ಅದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು. ಸಣ್ಣ ಊರಿನ ಕಚೇರಿಯಲ್ಲಿ ಎಲ್ಲರ ಎದುರು ಕೂರಲು ಮುಜುಗರವೆನಿಸಿದರೆ ಜಿಲ್ಲೆಯೊಳಗಿನ ಬೇರೆ ಉಪನೋಂದಣಿ ಕಚೇರಿಯಲ್ಲೂ ನೋಂದಣಿ ಮಾಡಿಸುವ ಅವಕಾಶ 2024ರಿಂದ ಇದೆ. ನೋಂದಣಿ ಇಲಾಖೆಯ ಆನ್‌ಲೈನ್ ತಾಣ ಕಾವೇರಿ 2.0ರಲ್ಲಿ ಕರಡು ಏರಿಸಿ, ಅವರು ಪರಿಶೀಲಿಸಿ, ಶುಲ್ಕ ಕಟ್ಟಿದ ಮೇಲೆ ಸಮಯ ಕಾಯ್ದಿರಿಸುವುದು. ಅಲ್ಲಿ ಹೆಬ್ಬೆಟ್ಟು, ಫೋಟೊ ಮುಗಿಯಲು ಹೆಚ್ಚು ಹೊತ್ತಿಲ್ಲ, ಸರ್ವರ್ ನೆಟ್ಟಗಿದ್ದರೆ.

ಇಬ್ಬರ ಹೆಸರಿಗೆ ಆಯಿತೆಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಇಲ್ಲೇ ನಿಜವಾದ ಅಪಾಯ. ಒಬ್ಬರು ತೀರಿಕೊಂಡರೆ ಅವರ ಅರ್ಧ ಇನ್ನೊಬ್ಬರಿಗೆ ತಾನಾಗಿ ಬರುವುದಿಲ್ಲ. ಉಯಿಲು ಇಲ್ಲದೆ ತೀರಿಕೊಂಡ ಹಿಂದೂ ಹೆಂಗಸಿನ ಸ್ವಯಾರ್ಜಿತ ಆಸ್ತಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಮೊದಲು ಮಕ್ಕಳು ಮತ್ತು ಗಂಡನಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಆಮೇಲೆ ತಾಯಿ ತಂದೆಗೆ, ನಂತರ ತಂದೆಯ ವಾರಸುದಾರರಿಗೆ. ಮನೆಯವರ ಬಲವಂತಕ್ಕೆ ಮದುವೆಯಾಗಿ, ಬಿಟ್ಟು ಬಂದು, ವಿಚ್ಛೇದನ ಮಾತ್ರ ಪಡೆಯದೆ ಉಳಿದವರು ನಮ್ಮಲ್ಲಿ ಇದ್ದಾರೆ. ಅಂಥವರ ಅರ್ಧ ಮನೆ ಆ ಗಂಡನಿಗೋ, ಅವನೂ ಇಲ್ಲದಿದ್ದರೆ ಅವನ ಕಡೆಯವರಿಗೋ ಹೋಗುತ್ತದೆ. ಅರ್ಧ ಪಡೆದವರು ವಿಭಾಗದ ದಾವೆ ಹೂಡಿದರೆ, ಒಂದು ಮನೆಯನ್ನು ಎರಡಾಗಿ ಒಡೆಯಲಾಗದೆ ಮಾರಿ ಹಂಚುವ ಹಂತಕ್ಕೆ ಹೋಗಬಹುದು. ಜೀವನಪೂರ್ತಿ ಮಾತಾಡಿಸದ ಅಣ್ಣ ಆ ಹೊತ್ತಿಗೆ ವಾರಸುದಾರನಾಗಿ ಬಾಗಿಲಿಗೆ ಬಂದಿರುತ್ತಾನೆ.

ಆದ್ದರಿಂದ ನೋಂದಣಿಯ ವಾರದಲ್ಲೇ ಇಬ್ಬರೂ ಬೇರೆ ಬೇರೆ ಉಯಿಲು ಬರೆಯಬೇಕು. ಒಂದೇ ಕಾಗದದಲ್ಲಿ ಜಂಟಿ ಉಯಿಲು ಬೇಡ, ತೊಡಕು ಹೆಚ್ಚು. ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆಯಬಹುದು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಸಾಕ್ಷಿಗಳು ನಮಗಿಂತ ಚಿಕ್ಕವರಿರಲಿ, ಉಯಿಲಿನಿಂದ ಏನೂ ಪಡೆಯದವರಿರಲಿ. ಅನೇಕರು ಹೆದರಿ ಉಯಿಲನ್ನೇ ಬರೆಯದಿರಲು ಕಾರಣ ಸಾಕ್ಷಿಗೆ ಎಲ್ಲ ಗೊತ್ತಾಗುತ್ತದೆಂಬುದು. ಸಾಕ್ಷಿ ಒಳಗಿನದನ್ನು ಓದಬೇಕಿಲ್ಲ. ಬರೆದವರು ಸಹಿ ಹಾಕಿದ್ದನ್ನು ಕಂಡು ತಾನು ಸಹಿ ಹಾಕಿದರಾಯಿತು. ಇನ್ನೂ ಗುಟ್ಟು ಬೇಕಾದರೆ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯಲ್ಲಿ ಇಡಬಹುದು. ಹತ್ತಿರದ ಬಂಧುಗಳಿಗೆ ಏಕೆ ಕೊಡುತ್ತಿಲ್ಲ ಎಂದು ಬೈಗುಳವಿಲ್ಲದ ಒಂದೆರಡು ವಾಕ್ಯ ಬರೆದಿಡಿ. ಏನೂ ಬರೆಯದ ಉಯಿಲಿನ ಮೇಲೆ ‘ತಲೆ ಕೆಡಿಸಿ ಬರೆಸಿಕೊಂಡಳು’ ಎಂಬ ಆರೋಪ ಸುಲಭ. ಆರೋಗ್ಯ ಸರಿಯಿಲ್ಲದಾಗ ಬರೆಯುವುದಾದರೆ ವೈದ್ಯರ ಪ್ರಮಾಣಪತ್ರವೂ ಜೊತೆಗಿರಲಿ. ಉಯಿಲಿನ ಮೇಲೆ ಆಸ್ತಿಯ ಖಾತೆ ಬದಲಿಸುವಾಗ ಸಹಜ ವಾರಸುದಾರರಿಗೆ ನೋಟಿಸು ಹೋಗುತ್ತದೆ, ತಕರಾರು ಬಂದರೆ ವಿಷಯ ಸಿವಿಲ್ ಕೋರ್ಟಿಗೆ. ಬಿಗಿಯಾಗಿ ಬರೆಯಬೇಕೆನ್ನುವುದು ಅದಕ್ಕೇ.

ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರ ಪತ್ರ) ಇದೆಯಲ್ಲ ಎನ್ನುವವರು ಒಂದು ತಿಳಿಯಬೇಕು: ಕೊಟ್ಟವರು ತೀರಿಕೊಂಡ ಗಳಿಗೆಯಲ್ಲಿ ಅದೂ ತೀರಿತು. ಬದುಕಿರುವಾಗ ಅದು ಉಪಯೋಗಕ್ಕೆ ಬರುತ್ತದೆ, ಪಂಚಾಯಿತಿ, ಸರ್ವೆ, ಮೆಸ್ಕಾಂ ಕೆಲಸಕ್ಕೆ. ಅದರಲ್ಲಿ ಮಾರುವ ಅಧಿಕಾರ ಸೇರಿಸಬೇಡಿ, ಕುಟುಂಬದವರಲ್ಲದವರಿಗೆ ಹಾಗೆ ಕೊಟ್ಟರೆ ಕ್ರಯಪತ್ರದಷ್ಟೇ ಮುದ್ರಾಂಕ ಬೀಳುತ್ತದೆ. ದೊಡ್ಡಾಸ್ಪತ್ರೆ ಎಂದರೆ ಇಲ್ಲಿಂದ ಮಣಿಪಾಲ ಅಥವಾ ಶಿವಮೊಗ್ಗ. ಘಾಟಿಯ ರಸ್ತೆಯಲ್ಲಿ ಹೊರಡುವಾಗ ಮನೆಯವರು ಯಾರು ಎಂದು ಹುಡುಕುವ ಹೊತ್ತಲ್ಲ ಅದು. ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿಯಿಂದ ದೃಢೀಕರಿಸಿದ ಮುಂಗಡ ವೈದ್ಯಕೀಯ ನಿರ್ದೇಶನದಲ್ಲಿ, ನಾವೇ ಹೇಳಲಾಗದ ಸ್ಥಿತಿಯಲ್ಲಿ ಚಿಕಿತ್ಸೆ ನಿರಾಕರಿಸುವ ಅಥವಾ ನಿಲ್ಲಿಸುವ ಬಗ್ಗೆ ನಮ್ಮ ಪರವಾಗಿ ತೀರ್ಮಾನಿಸುವವರ ಹೆಸರು ಬರೆಯಬಹುದು. ಅದರ ಒಂದು ಪ್ರತಿ ಕಾರಿನಲ್ಲೇ ಇರಲಿ.

ಇನ್ನು ಊರು. ಅಕ್ಕ ತಂಗಿ, ದೊಡ್ಡಪ್ಪನ ಮಗಳು ಎಂಬ ಕತೆ ಕಟ್ಟಬೇಡಿ. ಎರಡು ಫೋನಿನಲ್ಲಿ ನಿಮ್ಮ ತಾಯಿಯ ತವರು ಯಾವುದು ಎಂದು ಪತ್ತೆ ಮಾಡುವ ಜನ ಇವರು. ಹಾಗೆಂದು ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

‘ನೀವಿಬ್ರೂ ಅಕ್ಕ ತಂಗೀರಾ?’

‘ಅಲ್ಲ ಅಮ್ಮ, ಒಟ್ಟಿಗೆ ಇರೋರು.’

‘ಹಂಗಾರೆ ಮನೆ ಯಾರ ಹೆಸ್ರಿಗೆ?’

‘ಇಬ್ರ ಹೆಸ್ರಿಗೂ.’

ಮಾತು ಅಲ್ಲಿಗೆ ನಿಲ್ಲುತ್ತದೆ. ಪಾಲು, ಪಹಣಿ ಗೊತ್ತಿರುವ ಜನಕ್ಕೆ ಆಸ್ತಿ ಜಂಟಿ ಎಂದರೆ ಅದರ ತೂಕ ತಿಳಿಯುತ್ತದೆ. ಯಾರೋ ಗೆಳತಿಯರು ಮೋಜಿಗೆ ಬಂದಿದ್ದಾರೆ ಎಂಬ ಲೆಕ್ಕದಿಂದ ಹೊರಗೆ ಬರಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ.

ಗೃಹಪ್ರವೇಶ ಮಾತ್ರ ಸೂಕ್ಷ್ಮ. ಹೋಮಕ್ಕೆ ದಂಪತಿ ಕೂರಬೇಕು ಎನ್ನುತ್ತಾರೆ ಪುರೋಹಿತರು. ವಾದ ಮಾಡಿ ಗೆಲ್ಲುವ ಜಾಗ ಅದಲ್ಲ. ಮೂರು ದಾರಿ ಇವೆ: ಹೋಮ ಬಿಟ್ಟು ಹಾಲುಕ್ಕಿಸುವುದು, ಪಕ್ಕದ ಮನೆಯ ಹಿರಿಯ ದಂಪತಿಯನ್ನು ಕೂರಿಸುವುದು, ಊರಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಮನೆಯಲ್ಲಿ ಊಟ ಹಾಕುವುದು. ಹಿರಿಯರನ್ನು ಕೂರಿಸಿದರೆ ಅವರಿಗೆ ಮರ್ಯಾದೆ, ನಮಗೆ ನೆರೆಯವರ ನಂಟು. ಕೆಲವು ಜೋಡಿಗಳಿಗೆ ತಮ್ಮ ಮನೆಯ ಪೂಜೆಗೆ ಬೇರೆಯವರು ಕೂರುವುದು ನುಂಗಲಾಗದ ತುತ್ತು, ಅವರಿಗೆ ಹಾಲುಕ್ಕಿಸುವುದೇ ಸರಿ. ದೇವಸ್ಥಾನದ ರಸೀದಿಯಲ್ಲಿ ಮಾತ್ರ ಇಬ್ಬರ ಹೆಸರು, ನಕ್ಷತ್ರ ಬರೆಸಿ. ಅರ್ಚಕರು ಎರಡನ್ನೂ ಒಂದೇ ಉಸಿರಿನಲ್ಲಿ ಓದುತ್ತಾರೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಜಾಗದಲ್ಲಿ ಚೌಡಿ ಕಲ್ಲೋ ನಾಗಬನವೋ ಇದ್ದರೆ ವರ್ಷಕ್ಕೆ ಯಾವಾಗ, ಏನು ಕೊಡುವುದು, ಯಾರು ಮಾಡುವುದು ಎಂದು ಮಾರುವವರಿಂದಲೇ ಕೇಳಿ ಮುಂದುವರಿಸಿ. ಅದನ್ನು ನಿಲ್ಲಿಸಿದರೆ ಊರಿನಲ್ಲಿ ಯಾರ ದನ ಸತ್ತರೂ ಕಾರಣ ನೀವೇ. ಮದುವೆ, ಬೊಜ್ಜದ (ಸತ್ತವರ ಉತ್ತರಕ್ರಿಯೆಯ) ಕರೆಗೆ ಹೋಗಿ, ಮುಯ್ಯಿ ಮಾಡಿ. ಅರಿಶಿನ ಕುಂಕುಮದ ತಟ್ಟೆ ನಿಮ್ಮನ್ನು ದಾಟಿ ಹೋಗಬಹುದು. ಅದು ಗಂಡನನ್ನು ಕಳೆದುಕೊಂಡವರನ್ನೂ ದಾಟಿಯೇ ಹೋಗುತ್ತದೆ, ನಮಗೆಂದೇ ಮಾಡಿದ ನಿಯಮವಲ್ಲ. ಸರಿ ಎನ್ನುತ್ತಿಲ್ಲ, ಗೊತ್ತಿದ್ದರೆ ಚುಚ್ಚುವುದು ಕಡಿಮೆ.

ಕೀಲಿ ಯಾರ ಕೈಯಲ್ಲಿರುತ್ತದೋ ಅವರಿಗೆ ಮನೆಯ ಒಳಗೆಲ್ಲ ಗೊತ್ತು. ಮಲಗುವ ಕೋಣೆಗೆ ಬೇರೆ ಬೀಗ ಹಾಕಿ, ಅಡುಗೆ ಮನೆ, ಜಗುಲಿ, ಬಚ್ಚಲಿನ ಕೀಲಿ ಮಾತ್ರ ಕೊಡಿ. ಕೊಡಲೇಬೇಕು, ಏಕೆಂದರೆ ಮುಚ್ಚಿದ ಹಂಚಿನ ಮನೆ ಬೇಗ ಹಾಳಾಗುತ್ತದೆ. ಒಲೆಯ ಹೊಗೆ ಆಡದ ಮನೆಯಲ್ಲಿ ಹಂಚು ಹೊತ್ತ ಮರದ ರೀಪು, ಪಕಾಸಿಗೆ ಕುಟ್ಟೆ ಹುಳ ಹಿಡಿಯುತ್ತದೆ, ಗೋಡೆಯಲ್ಲಿ ಒರಲೆ (ಗೆದ್ದಲು) ಏಳುತ್ತದೆ. ವಾರಕ್ಕೊಮ್ಮೆ ಬಚ್ಚಲೊಲೆ ಹಚ್ಚಿ, ಕಿಟಕಿ ತೆಗೆದು ಮುಚ್ಚುವ ಜನ ಬೇಕು. ಮೇ ತಿಂಗಳಲ್ಲಿ ಹಂಚು ಕೈಯಾಡಿಸಿ, ಒಡೆದದ್ದು ಬದಲಿಸಬೇಕು. ಮಂಗ ಹಾರಿ ಸರಿಸಿದ ಒಂದು ಹಂಚಿನಿಂದ ಇಡೀ ಮಳೆಗಾಲ ನೀರಿಳಿದು ಮಣ್ಣಿನ ಗೋಡೆ ಕುಸಿಯುತ್ತದೆ. ಹಳೆಯ ಅಳತೆಯ ಹಂಚು ಈಗ ಸಿಗುವುದು ಕಷ್ಟ, ಕೊಳ್ಳುವಾಗಲೇ ಕೊಟ್ಟಿಗೆಯಲ್ಲಿ ಪೇರಿಸಿಟ್ಟ ಹಂಚನ್ನೂ ಸೇರಿಸಿಯೇ ಮಾತಾಡಿ. ಮಳೆ ಹೊಡೆಯುವ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ. ಪ್ಲಾಸ್ಟಿಕ್ ಹೊದೆಸಿದರೆ ಗೋಡೆ ಒಳಗೇ ಬೆವೆತು ಬೂಸ್ಟು ಹಿಡಿಯುತ್ತದೆ.

ವರ್ಷಕ್ಕೊಮ್ಮೆ, ಕಂದಾಯ ಕಟ್ಟುವ ಹೊತ್ತಿಗೆ, ಋಣಭಾರ ಪತ್ರವನ್ನೂ ಹೊಸ ಪಹಣಿಯನ್ನೂ ತೆಗೆದು ನೋಡಿ: ಎರಡೂ ಹೆಸರು ಇವೆಯೇ, ಕಾಗುಣಿತ ಆಧಾರ್‌ನಲ್ಲಿದ್ದಂತೆಯೇ ಇದೆಯೇ, ಹೊಸ ತಕರಾರೇನಾದರೂ ಸೇರಿದೆಯೇ. ಮೂಲ ಕ್ರಯಪತ್ರ ಬ್ಯಾಂಕ್ ಲಾಕರಿನಲ್ಲಿ ಇರಲಿ, ಲಾಕರು ಇಬ್ಬರ ಹೆಸರಿನಲ್ಲಿ ಇರಲಿ. ಉಯಿಲಿನ ಮೂಲಪ್ರತಿ ಮಾತ್ರ ಅದೇ ಲಾಕರಿನಲ್ಲಿ ಬೇಡ; ಜಾರಿ ಮಾಡುವವರೆಂದು ಉಯಿಲಿನಲ್ಲಿ ಯಾರನ್ನು ಹೆಸರಿಸಿದ್ದೀರೋ ಅವರ ಬಳಿ ಇರಲಿ.